ಅಪ್‌ಡೇಟ್: ಹಳೇ ಫೋರ್ ವೀಲ್ ಡ್ರೈವ್ ಗಾಡಿಯ ಗುಂಯ್ ಶಬ್ದದ ಮೂಲ ಸಿಕ್ತು

ಹಳೇ ಪಾರ್ಟ್ ಟೈಮ್ (ಬೇಕಾದಾಗ ಮಾತ್ರ ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡೋ) ಫೋರ್ ವೀಲ್ ಡ್ರೈವ್ ಗಾಡೀಲಿ ಸ್ಪೀಡ್ 60 ದಾಟಿದ್ರೆ ಅಡಿಯಿಂದ ಗುಂಯ್ ಅನ್ನುತ್ತೆ, ಫೋರ್ ವೀಲಲ್ಲಿ ರಿವರ್ಸ್ ಹಾಕಿದ್ರೆ ಟಕ್ ಅನ್ನುತ್ತೆ ಅಂತ ಕೇಳಿದ್ದೆನಲ್ಲ, ಅದು ಸರಿಹೋಯ್ತು. ಟ್ರಾನ್ಸ್‌ಫರ್ ಕೇಸ್ (ಹಿಂದೆ ಮುಂದೆ ಶಕ್ತಿ ಹಂಚೋ ಗೇರ್ ಪೆಟ್ಟಿಗೆ) ಬಿಚ್ಚೋ ಮುಂಚೆ ಮುಂದಿನ ಚಕ್ರಗಳನ್ನ ಆಕ್ಸಲ್‌ಗೆ ಜೋಡಿಸೋ, ಬಿಡಿಸೋ ಹಬ್ ಫ್ರೀ ಮಾಡಿ ಟೂ ವೀಲಲ್ಲಿ ಓಡಿಸಿ ನೋಡಿ ಅಂದವರಿಗೆ ದೊಡ್ಡ ಥ್ಯಾಂಕ್ಸ್, ಫ್ರೀ ಮಾಡಿದ ತಕ್ಷಣ ಶಬ್ದ ಪೂರ್ತಿ ನಿಂತೋಯ್ತು, ಲಾಕ್ ಮಾಡಿದ್ರೆ ಮತ್ತೆ ಶುರು, ಯಾಕಂದ್ರೆ ಹಬ್ ಲಾಕ್ ಇದ್ರೆ ಟೂ ವೀಲಲ್ಲೂ ಚಕ್ರಗಳು ಮುಂದಿನ ಶಾಫ್ಟನ್ನ (ಟ್ರಾನ್ಸ್‌ಫರ್ ಕೇಸಿಂದ ಮುಂದಿನ ಆಕ್ಸಲ್‌ಗೆ ಹೋಗೋ ಉದ್ದ ರಾಡು) ತಿರುಗಿಸ್ತಾನೇ ಇರ್ತವೆ.

ಶಾಫ್ಟ್ ಇಳಿಸಿ ಅದರ ತುದಿಯ ಜಾಯಿಂಟಲ್ಲಿರೋ ಕ್ರಾಸ್ (ಪ್ಲಸ್ ಆಕಾರದ ತುಂಡು) ಅಲ್ಲಾಡಿಸಿದ್ರೆ ಒಂದು ಕಡೆ ಗಟ್ಟಿ, ಇನ್ನೊಂದು ಕಡೆ ಸಡಿಲ. ಕ್ಯಾಪ್ ತೆಗೆದ್ರೆ ಒಳಗೆ ಗ್ರೀಸಿನ ಸುಳಿವೇ ಇಲ್ಲ, ನೀಡಲ್‌ಗಳೆಲ್ಲ (ಸೂಜಿಯಂಥ ಬೇರಿಂಗ್ ರೋಲರ್‌ಗಳು) ಕೆಂಪು ತುಕ್ಕಿನ ಪುಡಿ ಆಗೋಗಿವೆ, ಕ್ರಾಸ್ ಮೇಲೆ ಅವು ಕೂತ ಗೆರೆಗಳು ಉಗುರಿಗೆ ಸಿಗ್ತಿದ್ವು.

ಹೊಸ ಕ್ರಾಸ್ ಹಾಕಿ ಸ್ಲಿಪ್ ಜಾಯಿಂಟ್‌ಗೂ (ಶಾಫ್ಟ್ ಉದ್ದ ಹೆಚ್ಚುಕಮ್ಮಿ ಆಗೋಕೆ ಜಾರೋ ಜೋಡಣೆ) ಗ್ರೀಸ್ ಹೊಡೆದೆ. ಶಾಫ್ಟ್ ಬಿಚ್ಚೋರು ದಯವಿಟ್ಟು ಮೊದಲೇ ಪೇಂಟಲ್ಲಿ ಗುರುತು ಹಾಕ್ಕೊಳ್ಳಿ, ಸ್ಲಿಪ್ ಜಾಯಿಂಟ್ ಆಚೀಚೆ ಕೂತ್ರೆ ಎರಡು ತುದಿಯ ಯೋಕ್‌ಗಳು (ಕ್ರಾಸ್ ಹಿಡಿಯೋ ಕವಲುಗಳು) ಸಾಲು ತಪ್ಪಿ ಹೊಸ ನಡುಕ ಶುರುವಾಗುತ್ತೆ. ಈಗ ಹಬ್ ಲಾಕ್ ಮಾಡಿ 80ರಲ್ಲಿ ಓಡಿಸಿದ್ರೂ ಸದ್ದಿಲ್ಲ, ಮನಸ್ಸಿಗೆ ಎಷ್ಟು ಹಾಯೆನಿಸ್ತಿದೆ ಗೊತ್ತಾ. ಮುಂದಿನ ಪಿನಿಯನ್ ಸೀಲ್ (ಶಾಫ್ಟ್ ಆಕ್ಸಲ್‌ಗೆ ಸೇರೋ ಕಡೆ ಎಣ್ಣೆ ತಡೆಯೋ ಸೀಲ್) ಹತ್ರ ಸ್ವಲ್ಪ ಎಣ್ಣೆ ಜಿನುಗ್ತಿದೆ, ಇನ್ನು ಅದನ್ನ ನೋಡ್ಬೇಕು.