ಶ್ವಾಸಕೋಶದ ತುಂಡು ನಡುವ ಇನ್ನೂ ಕೆಂಪಗ ಐತಿ, ಕಾನ್ಫೋಕಲ್ ಮೈಕ್ರೋಸ್ಕೋಪ್‌ಗೆ (ಲೇಸರ್ ಬೆಳಕಿನ್ಯಾಗ ಹೊಳೆಯೋ ಬಣ್ಣದ ಚಿತ್ರ ತೆಗೆಯೋದು) ಕಳಸೂ ಮುಂಚೆ ಬ್ಲೀಚ್ ಹಾಕಬಹುದೇನ್ರಿ?

ಸ್ಲೈಡ್‌ಪೆಟ್ಟಿಗೆ, ಹುಬ್ಬಳ್ಳಿ
ನಮಸ್ಕಾರ ರೀ. ಎಥಿಕ್ಸ್ ಕಮಿಟಿ ಒಪ್ಪಿಗೆ ತಗೊಂಡು ಆಪರೇಷನ್‌ನಾಗ ತೆಗೆದ ಶ್ವಾಸಕೋಶದ ತುಂಡು ತರಿಸ್ತೀವಿ. ಈ ಸಲ ನಿಂಬೆಹಣ್ಣಿನಷ್ಟು ತುಂಡನ್ನ ಸಣ್ಣ ಬಾಟಲಿಗೆ ತುರುಕಿ, ಮ್ಯಾಲ ಒಂದಿಷ್ಟು ಫಾರ್ಮಲಿನ್ (ತುಂಡು ಕೆಡದಂಗ ಇಡೋ ಫಾರ್ಮಾಲ್ಡಿಹೈಡ್ ದ್ರಾವಣ) ಸುರುವಿ ಕಳಿಸ್ಯಾರ. ಮರುದಿನ ಜೀವಸುರಕ್ಷಾ ಕ್ಯಾಬಿನೆಟ್‌ನಾಗ (ರೋಗಾಣು ಹೊರಗ ಬರದಂಗ ಗಾಳಿ ಸೋಸೋ ಪೆಟ್ಟಿಗಿ) ಒಂದು ತುದಿ ಕೊಯ್ದ್ರ ಅಂಚು ಬೂದು, ನಡುವ ಕೆಂಪಗ, ಮೆತ್ತಗ. ಟಿಬಿ ವರದಿ ಇನ್ನೂ ಬಂದಿಲ್ಲ. ಧಾರವಾಡದ ಇಮೇಜಿಂಗ್ ಲ್ಯಾಬ್‌ನವರು "ಸೋಂಕು ತೆಗೆದೀವಿ ಅಂತ ಬರೆದು ಕೊಡ್ರಿ" ಅಂತಾರ. ಬ್ಲೀಚ್‌ನಾಗ ಅದ್ದಲಾ? ಇಲ್ಲಾ ಗ್ಲುಟರಾಲ್ಡಿಹೈಡ್?

ಪ್ಯಾರಾಫಿನ್, ಧಾರವಾಡ
ಬ್ಲೀಚ್ ಬ್ಯಾಡವೇ ಬ್ಯಾಡ. ಅದು ಪ್ರೋಟೀನ್ ಕೆಡಸ್ತದ, ಆಮ್ಯಾಲ ಹೊಳೆಯೋ ಬಣ್ಣ ಹೊತ್ತ ಆ್ಯಂಟಿಬಾಡಿ ಹಿಡಿಯೋದಕ್ಕ ಏನೂ ಉಳಿಯಂಗಿಲ್ಲ. ಫಾರ್ಮಲಿನ್ ಜೊತಿ ಕೂಡಿದ್ರ ವಿಷದ ಗಾಳಿ ಏಳ್ತದ. 1% ಹೈಪೋಕ್ಲೋರೈಟ್ ಮೇಜು ಒರೆಸಾಕ ಇರ್ಲಿ, ಅದೂ ಫಾರ್ಮಲಿನ್ ಚೆಲ್ಲಿದ ಜಾಗದಾಗ ಅಲ್ಲ.

ನಿಮ್ಮ ತುಂಡಿಗೆ ಸರಿಯಾದ ಫಿಕ್ಸಿಂಗೇ (ಫಾರ್ಮಲಿನ್ ಒಳಗ ಇಳಿದು ತುಂಡು ಗಟ್ಟಿಯಾಗೋದು) ಸೋಂಕು ತೆಗೆಯೋ ದಾರಿ, ಮತ್ತ ಅದು ಇನ್ನೂ ಆಗಿಲ್ಲ. ಫಾರ್ಮಲಿನ್ ಒಳಗ ಇಳಿಯೋದು ತಾಸಿಗೆ ಅಂದಾಜು 1 ಮಿ.ಮೀ., ಆಳಕ್ಕ ಹೋದಂಗ ಇನ್ನೂ ನಿಧಾನ. ಇಳಿದ ಮ್ಯಾಲೂ ಪ್ರೋಟೀನ್ ಜೊತಿ ಗಟ್ಟಿಯಾಗಿ ಕೂಡಾಕ ಹೊತ್ತು ಬೇಕು. ಔಷಧ ಮುಟ್ಟದ ನಡುಭಾಗದಾಗ ಟಿಬಿ ಬ್ಯಾಕ್ಟೀರಿಯಾ ಜೀವಂತ ಉಳಿಯಬಹುದು. ವರದಿ ಬರೋತನಕ ಅದು ಐತಿ ಅಂತನ ತಿಳೀರಿ.

ಈಗ ಹಳೆ ದ್ರವ ತೆಗೆದು, ತುಂಡಿನ 15-20 ಪಟ್ಟು ಹೊಸ 10% ಬಫರ್ಡ್ ಫಾರ್ಮಲಿನ್ ಹಾಕ್ರಿ, ಅಗಲ ಬಾಯಿಯ ಡಬ್ಬಿಯಾಗ. ಬೆರೆಸೋದು ಹಿಂಗ: ಅಂಗಡಿಯ 37-40% ಫಾರ್ಮಾಲ್ಡಿಹೈಡ್ ಬಾಟಲಿಯಿಂದ 100 ಮಿ.ಲೀ., ನೀರು 900 ಮಿ.ಲೀ., ಸೋಡಿಯಂ ಡೈಹೈಡ್ರೋಜನ್ ಫಾಸ್ಫೇಟ್ 4 ಗ್ರಾಂ, ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್ 6.5 ಗ್ರಾಂ. ಬಫರ್ ಬಿಟ್ರ ರಕ್ತ ಇದ್ದಲ್ಲಿ ಕಂದು ಕಲೆ ಬಿದ್ದು ಚಿತ್ರ ಹಾಳು. ಶ್ವಾಸಕೋಶದಾಗ ಗಾಳಿ ಇರ್ತದ, ತೇಲ್ತದ, ಮ್ಯಾಲಿನ ಮುಖ ಒಣಗೇ ಉಳೀತದ. ಗಾಜ್ ಬಟ್ಟಿ ಹೊದಿಸಿ ಮುಳುಗಸ್ರಿ. ಇದನ್ನ ಭಾಳ ಮಂದಿ ಬಿಡ್ತಾರ.

ಇನ್ನೊಂದು ದಿನ ಬಿಟ್ಟು ಜೀವಸುರಕ್ಷಾ ಕ್ಯಾಬಿನೆಟ್‌ನಾಗ, ಎನ್95 ಹಾಕ್ಕೊಂಡು 3-4 ಮಿ.ಮೀ. ಹೋಳು ಮಾಡ್ರಿ. ಹೋಳು ಮತ್ತ ಹೊಸ ಫಾರ್ಮಲಿನ್‌ನಾಗ 48 ತಾಸು. ಗಾಳಿ ಹೊರಗ ಬಿಡದ ಕ್ಯಾಬಿನೆಟ್ ಫಾರ್ಮಲಿನ್ ಹಬೆ ತಡೆಯಂಗಿಲ್ಲ, ಅದಕ್ಕ ದ್ರಾವಣ ಬೆರೆಸೋದು, ಬದಲಿಸೋದು ಹಬೆ ಹೊರಗ ಎಳೆಯೋ ಫ್ಯೂಮ್ ಹುಡ್‌ನಾಗ. ಕ್ಯಾನ್ಸರ್ ತರೋ ವಸ್ತು ಅದು, ವಾಸನಿ ರೂಢಿ ಆಗೇದ ಅಂತ ಸಡಿಲ ಬಿಡಬ್ಯಾಡ್ರಿ.

ಗ್ಲುಟರಾಲ್ಡಿಹೈಡ್ ಎಲೆಕ್ಟ್ರಾನ್ ಮೈಕ್ರೋಸ್ಕೋಪ್‌ಗೆ ಒಳ್ಳೇದು. ಕಾನ್ಫೋಕಲ್‌ನಾಗ ಅದ್ರ ಹೊಳಪು ಇಡೀ ಚಿತ್ರಕ್ಕ ಹಬ್ತದ, ಶ್ವಾಸಕೋಶದ ಇಲಾಸ್ಟಿನ್ ನಾರು ಮೊದಲೇ ತಾನಾಗೇ ಹೊಳೀತದ.

ನಕ್ಷತ್ರಮೀನು, ಗದಗ
ಒಂದ ಮಾತು ಸೇರಿಸ್ತೀನಿ. ಸಿಜೆಡಿ (ಕ್ರಾಯ್ಟ್ಸ್‌ಫೆಲ್ಟ್-ಯಾಕೋಬ್ ಅನ್ನೋ ಮೆದುಳಿನ ರೋಗ) ಸಂಶಯದ ಮೆದುಳಿನ ತುಂಡಿಗೆ ಮ್ಯಾಲಿನ ಕ್ರಮ ಸಾಲಂಗಿಲ್ಲ, ಅದನ್ನ ತರೋ ಕೆಟ್ಟ ಪ್ರೋಟೀನ್ ಪ್ರಿಯಾನ್‌ಗೆ ಫಾರ್ಮಲಿನ್ ತಾಗಂಗಿಲ್ಲ. ಅದಕ್ಕ ಸಾಂದ್ರ ಫಾರ್ಮಿಕ್ ಆಸಿಡ್‌ನ ಬ್ಯಾರೇ ಪದ್ಧತಿ ಐತಿ, ತರಬೇತಿ ಇಲ್ಲದ ಲ್ಯಾಬ್ ಕೈ ಹಾಕಬಾರದು.

ಸ್ಲೈಡ್‌ಪೆಟ್ಟಿಗೆ, ಹುಬ್ಬಳ್ಳಿ
ಹೋಳು ಈಗ ನಡುವಿನತನಕ ಬೂದು, ಗಟ್ಟಿ. ಪತ್ರದಾಗ ಏನೇನು ಬರೀಬೇಕ್ರಿ?

ಪ್ಯಾರಾಫಿನ್, ಧಾರವಾಡ
ಹೋಳಿನ ದಪ್ಪ, ದ್ರಾವಣದ ಪ್ರಮಾಣ, ಪಿಎಚ್, ಹಾಕಿದ-ತೆಗೆದ ತಾಸು, ಗೈಡ್ ಸಹಿ. "ಸೋಂಕು ಇಲ್ಲವೇ ಇಲ್ಲ" ಅಂತ ಬರೀಬ್ಯಾಡ್ರಿ, ಏನು ಮಾಡೀರಿ ಅದನ್ನ ಬರೀರಿ. ಟಿಬಿ ವರದಿ ಬಂದ ಕೂಡಲೆ ಅವರಿಗೂ ತಿಳಸ್ರಿ. ಉಳಿದ ತುಂಡು ಹಳದಿ ಚೀಲಕ್ಕ, ಬಳಸಿದ ಫಾರ್ಮಲಿನ್ ಬ್ಯಾರೇ ಕ್ಯಾನ್‌ಗೆ, ಸಿಂಕ್‌ಗಲ್ಲ. ಡಬ್ಬಿಯನ್ನ ದ್ರವ ಹೀರಿಕೊಳ್ಳೋ ಹಾಳಿ ಸುತ್ತಿ ಮೂರು ಪದರದಾಗ ಕಟ್ಟಿ ಲ್ಯಾಬ್ ಗಾಡಿಯಾಗ ಕಳಸ್ರಿ. ಹುಬ್ಬಳ್ಳಿ-ಧಾರವಾಡ ನಡುವ ಓಡಾಡೋ ಚಿಗರಿ ಬಸ್‌ನಾಗ ಒಯ್ಯಬ್ಯಾಡ್ರಿ, ಮುಚ್ಚಿದ ಎಸಿ ಬಸ್‌ನಾಗ ಸೋರಿದ್ರ ಮಂದಿಗೆ ತ್ರಾಸು.