ವಯಸ್ಸಾದ ತಂದೆ ತಾಯಿಯೊಂದಿಗೆ ಕಾಶಿ ಪ್ರಯಾಣ: ಎರಡು ಕೆಳಗಿನ ಬರ್ತ್ ಪಡೆಯುವುದು ಹೇಗೆ?

ಪ್ರಶ್ನೆ: ತುಮಕೂರಿನವ

ಎಲ್ಲರಿಗೂ ನಮಸ್ಕಾರ. ಬರುವ ಮಾರ್ಚ್ 2ರಂದು ನನ್ನ ತಂದೆ ತಾಯಿಯನ್ನು ಕಾಶಿಗೆ ಕರೆದುಕೊಂಡು ಹೋಗಬೇಕೆಂದು ನಿಶ್ಚಯಿಸಿದ್ದೇನೆ. ತಂದೆಯವರಿಗೆ 74 ವರ್ಷ, ತಾಯಿಗೆ 69. ತಾಯಿಯ ಎಡಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾಗಿ ಒಂದು ವರ್ಷ ಕಳೆದಿದೆ. ಮನೆಯೊಳಗೆ ಓಡಾಡಿಕೊಂಡಿದ್ದಾರೆ, ಆದರೆ ಮಂಚಕ್ಕಿಂತ ಎತ್ತರವಾದ ಯಾವುದನ್ನೂ ಹತ್ತಲಾರರು. ವಿಮಾನದಲ್ಲಿ ಹೋಗೋಣವೆಂದರೆ ತಂದೆಯವರು ಒಪ್ಪುವುದಿಲ್ಲ. ಕಾಶಿಗೆ ಹೋಗುವುದೆಂದರೆ ದಾರಿಯಲ್ಲಿ ಬರುವ ಊರುಗಳನ್ನೂ ನದಿಗಳನ್ನೂ ನೋಡಿಕೊಂಡೇ ಹೋಗಬೇಕೆಂಬುದು ಅವರ ಬಹುದಿನದ ಆಸೆ. ಆದ್ದರಿಂದ ಬೆಂಗಳೂರಿನ ಎಸ್‌ಎಂವಿಟಿ ನಿಲ್ದಾಣದಿಂದ ಪ್ರತಿದಿನ ಹೊರಡುವ ಸಂಘಮಿತ್ರ ಎಕ್ಸ್‌ಪ್ರೆಸ್‌ನಲ್ಲಿ ದೀನ್ ದಯಾಳ್ ಉಪಾಧ್ಯಾಯ ಜಂಕ್ಷನ್, ಅಂದರೆ ಹಳೆಯ ಮುಘಲ್‌ಸರಾಯ್‌ವರೆಗೆ ಹೋಗಿ, ಅಲ್ಲಿಂದ ಕಾರಿನಲ್ಲಿ ಗಂಗೆಯನ್ನು ದಾಟಿ ಕಾಶಿ ಸೇರುವ ಯೋಚನೆಯಿದೆ. ರೈಲಿನಲ್ಲಿಯೇ ಎರಡು ರಾತ್ರಿ ಕಳೆಯಬೇಕು.

ನನ್ನ ಅಳುಕಿಗೆ ಕಾರಣವಿದೆ. ಎರಡು ವರ್ಷದ ಹಿಂದೆ ಮೂವರಿಗೂ ಒಂದೇ ಟಿಕೆಟ್ ಮಾಡಿಸಿ ತ್ರೀ ಎಸಿಯಲ್ಲಿ ಹೊರಟಾಗ ತಾಯಿಗೆ ಮಧ್ಯದ ಬರ್ತ್ ಬಂದಿತ್ತು, ನಮ್ಮಿಬ್ಬರಿಗೆ ಮೇಲಿನವು. ತಾಯಿ ಏಣಿಯ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟು, ಸರಪಳಿ ಹಿಡಿದುಕೊಂಡು ಹಾಗೆಯೇ ನಿಂತುಬಿಟ್ಟರು. ಎದುರಿಗಿದ್ದ ವಿದ್ಯಾರ್ಥಿಯೊಬ್ಬ ಏನೂ ಕೇಳದೆ ತನ್ನ ಹೊದಿಕೆಯನ್ನು ಮೇಲಕ್ಕೆಸೆದು ಕೆಳಗಿನ ಬರ್ತನ್ನು ಬಿಟ್ಟುಕೊಟ್ಟ. ಪ್ರತಿ ಸಲವೂ ಅಂಥ ಹುಡುಗ ಸಿಗುತ್ತಾನೆಂದು ನಂಬಿ ಹೊರಡಲಾಗದು. ಇಬ್ಬರಿಗೂ ಕೆಳಗಿನ ಬರ್ತ್ ಸಿಗುವಂತೆ ಟಿಕೆಟ್ ಮಾಡಿಸುವ ಕ್ರಮವನ್ನು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1: ಹಳಿಯ ಹಾದಿ

ನಿಮ್ಮ ತೊಂದರೆಯ ಮೂಲ ಆ ಒಂದೇ ಟಿಕೆಟ್‌ನಲ್ಲಿಯೇ ಇದೆ. 60 ವರ್ಷ ತುಂಬಿದ ಗಂಡಸರಿಗೆ ಮತ್ತು 45 ವರ್ಷ ತುಂಬಿದ ಹೆಂಗಸರಿಗೆಂದು ಸ್ಲೀಪರ್, ತ್ರೀ ಎಸಿ, ಟೂ ಎಸಿ ಬೋಗಿಗಳಲ್ಲಿ ಕೆಲವು ಕೆಳಗಿನ ಬರ್ತ್‌ಗಳನ್ನು ರೈಲ್ವೆ ಪ್ರತ್ಯೇಕವಾಗಿ ಕಾಯ್ದಿರಿಸುತ್ತದೆ. ಐಆರ್‌ಸಿಟಿಸಿಯಲ್ಲಿ ರೈಲು ಹುಡುಕುವಾಗ ಜನರಲ್ ಎಂದಿರುವ ಜಾಗದಲ್ಲಿ ಲೋವರ್ ಬರ್ತ್ ಹಾಗೂ ಸೀನಿಯರ್ ಸಿಟಿಜನ್ ಕೋಟಾವನ್ನು ಆರಿಸಿಕೊಂಡರೆ ಅವು ಕಾಣುತ್ತವೆ. ಆದರೆ ಈ ಕೋಟಾ ಆ ವಯಸ್ಸಿನವರು ಒಬ್ಬರೇ ಹೋಗುವಾಗ, ಅಥವಾ ಅಂಥ ಇಬ್ಬರು ಒಂದು ಟಿಕೆಟ್‌ನಲ್ಲಿ ಹೋಗುವಾಗ ಮಾತ್ರ ದೊರೆಯುತ್ತದೆ. ಮೂರನೆಯವರಾಗಿ ನಿಮ್ಮ ಹೆಸರು ಸೇರಿದೊಡನೆ ಅದು ಕೈತಪ್ಪುತ್ತದೆ. ಜನರಲ್ ಕೋಟಾದಲ್ಲಿಯೂ ಹಿರಿಯರಿಗೆ ಕೆಳಗಿನ ಬರ್ತ್ ಕೊಡಲು ವ್ಯವಸ್ಥೆ ಪ್ರಯತ್ನಿಸುತ್ತದೆ ನಿಜ, ಆದರೆ ಖಾಲಿ ಉಳಿದಿದ್ದರೆ ಮಾತ್ರ. ನಾವು ಗುರುತು ಹಾಕುವ ಬರ್ತ್ ಆಯ್ಕೆಯೂ ಕೋರಿಕೆಯಷ್ಟೇ, ಅದಕ್ಕೆ ಖಾತರಿಯಿಲ್ಲ.

ಹಾಗಾಗಿ ತಂದೆ ತಾಯಿಗೆ ಆ ಕೋಟಾದಲ್ಲಿ ಒಂದು ಟಿಕೆಟ್, ನಿಮಗೆ ಜನರಲ್ ಕೋಟಾದಲ್ಲಿ ಬೇರೆಯೇ ಒಂದು ಟಿಕೆಟ್ ಮಾಡಿಸಿ. ಇದರಿಂದ ದರದಲ್ಲಿ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಹಿರಿಯ ನಾಗರಿಕರ ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತುಹೋಗಿದೆ.

ಯಾವ ದಿನ ಬುಕ್ ಮಾಡುತ್ತೀರಿ ಎಂಬುದೂ ಅಷ್ಟೇ ಮುಖ್ಯ. ಮೊದಲು 120 ದಿನ ಮುಂಚಿತವಾಗಿ ಕಾಯ್ದಿರಿಸಬಹುದಿತ್ತು. 2024ರ ನವೆಂಬರ್ 1ರಿಂದ ಅದು 60 ದಿನಕ್ಕೆ ಇಳಿದಿದೆ, ಪ್ರಯಾಣದ ದಿನವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಧಿಕ ವರ್ಷವಲ್ಲದಿದ್ದರೆ ಮಾರ್ಚ್ 2ರ ರೈಲಿಗೆ ಜನವರಿ 1ರ ಬೆಳಿಗ್ಗೆ 8 ಗಂಟೆಗೆ ಬುಕಿಂಗ್ ತೆರೆಯುತ್ತದೆ. 2025ರ ಅಕ್ಟೋಬರ್ 1ರಿಂದ ಆ ಮೊದಲ ನಿಮಿಷಗಳು ಆಧಾರ್ ದೃಢೀಕರಣವಾದ ಖಾತೆಗಳಿಗೆ ಮಾತ್ರ ಮೀಸಲಾಗಿರುವುದರಿಂದ, ಆ ಕೆಲಸವನ್ನು ಈಗಲೇ ಮುಗಿಸಿಕೊಳ್ಳಿ. ಹೆಸರು, ವಯಸ್ಸುಗಳನ್ನು ಖಾತೆಯ ಮಾಸ್ಟರ್ ಲಿಸ್ಟ್‌ಗೆ ಹಿಂದಿನ ದಿನವೇ ಸೇರಿಸಿಟ್ಟರೆ ಬೆಳಿಗ್ಗೆ ಟೈಪ್ ಮಾಡುವ ಗಡಿಬಿಡಿ ಇರುವುದಿಲ್ಲ. ತತ್ಕಾಲ್ ಅನ್ನು ಮಾತ್ರ ನೆಚ್ಚಿಕೊಳ್ಳಬೇಡಿ. ಎಸಿಗೆ ಬೆಳಿಗ್ಗೆ 10ಕ್ಕೆ, ಸ್ಲೀಪರ್‌ಗೆ 11ಕ್ಕೆ ಹಿಂದಿನ ದಿನ ತೆರೆಯುವ ಆ ಸೀಟುಗಳಲ್ಲಿ ಬರ್ತ್ ಆರಿಸಿಕೊಳ್ಳುವಷ್ಟು ವ್ಯವಧಾನವೇ ಇರುವುದಿಲ್ಲ.

ಉತ್ತರ 2: ಮಲೆನಾಡ ಪಯಣಿಗ

ಮೇಲಿನವರು ಹೇಳಿದ್ದು ಸರಿ, ಆದರೆ ಒಂದು ಮಾತನ್ನು ಸೇರಿಸಲೇಬೇಕು. ಎರಡು ಟಿಕೆಟ್ ಮಾಡಿಸಿದಾಗ ಬೋಗಿಗಳು ಬೇರೆಯಾಗುವ ಸಾಧ್ಯತೆ ಇದ್ದೇ ಇರುತ್ತದೆ. ನಮ್ಮ ಅತ್ತೆಯವರನ್ನು ಹೀಗೆಯೇ ಕರೆದೊಯ್ದಾಗ ಅವರು ಬಿ2, ನಾನು ಬಿ5. ಅವರಿಗೆ ಮರೆವು ಶುರುವಾಗಿತ್ತು. ನಡುರಾತ್ರಿ ಎದ್ದು ನನ್ನನ್ನು ಹುಡುಕಿಕೊಂಡು ಬಾಗಿಲವರೆಗೆ ಬಂದಿದ್ದರಂತೆ. ಬೋಗಿಯ ಸಹಾಯಕರು ಕೈಹಿಡಿದು ಕೂರಿಸಿದ್ದನ್ನು ಬೆಳಿಗ್ಗೆ ಕೇಳಿ ನನ್ನ ಎದೆ ನಡುಗಿತು. ನಿಮ್ಮ ತಂದೆಯವರು ಚುರುಕಾಗಿದ್ದರೆ ಎರಡು ಟಿಕೆಟ್ ಮಾಡಿಸಿ. ರಾತ್ರಿ ಹೊತ್ತು ನೀವು ಕೈಗೆಟುಕುವ ದೂರದಲ್ಲಿಯೇ ಇರಬೇಕಾದ ಪರಿಸ್ಥಿತಿಯಿದ್ದರೆ ಮೂವರಿಗೂ ಒಂದೇ ಟಿಕೆಟ್ ಮಾಡಿಸಿ, ಬುಕ್ ಮಾಡುವಾಗ ಎರಡು ಕೆಳಗಿನ ಬರ್ತ್ ಸಿಕ್ಕರೆ ಮಾತ್ರ ಬುಕ್ ಮಾಡು ಎಂಬ ಆಯ್ಕೆಗೆ ಗುರುತು ಹಾಕಿ. ಸಿಗದಿದ್ದರೆ ಟಿಕೆಟ್ಟೇ ಆಗುವುದಿಲ್ಲ, ಹಾಗಾಗಿ ಬುಕಿಂಗ್ ತೆರೆದ ದಿನವೇ ಮಾಡಬೇಕು. ಎರಡು ಟಿಕೆಟ್ ಮಾಡಿಸುವುದಾದರೆ ಮೊದಲು ಹಿರಿಯರದ್ದನ್ನು ಮಾಡಿ, ಅವರಿಗೆ ಬಂದ ಬೋಗಿಯ ಸಂಖ್ಯೆಯನ್ನು ನಿಮ್ಮ ಟಿಕೆಟ್‌ನಲ್ಲಿ ಆದ್ಯತೆಯ ಬೋಗಿ ಎಂದು ನಮೂದಿಸಿ.

ಹಣ ಒದಗುವುದಾದರೆ ಟೂ ಎಸಿಯನ್ನೇ ಆರಿಸಿಕೊಳ್ಳಿ ಎಂಬುದು ನನ್ನ ಖಚಿತ ಅಭಿಪ್ರಾಯ. ತ್ರೀ ಎಸಿಯ ಪ್ರತಿ ಎಂಟು ಬರ್ತ್‌ಗಳಲ್ಲಿ ಸೈಡ್ ಲೋವರ್ ಸೇರಿ ಕೆಳಗಿನವು ಮೂರು; ಟೂ ಎಸಿಯ ಆರರಲ್ಲಿಯೂ ಮೂರು. ಅಲ್ಲಿ ಮಧ್ಯದ ಬರ್ತ್ ಇಲ್ಲದಿರುವುದರಿಂದ ಕೆಳಗೆ ಕುಳಿತವರು ಯಾವ ಹೊತ್ತಿನಲ್ಲಾದರೂ ಬೆನ್ನು ನೆಟ್ಟಗೆ ಮಾಡಿ ಕೂರಬಹುದು. ತ್ರೀ ಎಸಿಯಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮಧ್ಯದ ಬರ್ತ್ ಬಿಚ್ಚಿಕೊಳ್ಳುವ ಹಕ್ಕು ಅಲ್ಲಿ ಮಲಗುವವರಿಗಿದೆ, ಕೆಳಗಿನವರು ಅಷ್ಟು ಹೊತ್ತೂ ಮಲಗಿಯೇ ಇರಬೇಕು. ಮೊಣಕಾಲು ಬಿಗಿದುಕೊಂಡು ನಾಲ್ಕು ಗಂಟೆಗೇ ಎಚ್ಚರವಾಗುವವರಿಗೆ ಅದು ಎಂಥ ಶಿಕ್ಷೆಯೆಂದು ನಾನು ಪಕ್ಕದಲ್ಲಿದ್ದು ಕಂಡಿದ್ದೇನೆ.

ಟಿಕೆಟ್ ಬಂದಾಗ ಸಂಖ್ಯೆ ನೋಡಿಯೇ ಬರ್ತನ್ನು ತಿಳಿಯಬಹುದು. ಸ್ಲೀಪರ್ ಮತ್ತು ತ್ರೀ ಎಸಿಯಲ್ಲಿ ಸಂಖ್ಯೆಯನ್ನು 8ರಿಂದ ಭಾಗಿಸಿದಾಗ 1 ಅಥವಾ 4 ಉಳಿದರೆ ಕೆಳಗಿನದು, 2 ಅಥವಾ 5 ಉಳಿದರೆ ಮಧ್ಯದ್ದು, 3 ಅಥವಾ 6 ಉಳಿದರೆ ಮೇಲಿನದು, 7 ಉಳಿದರೆ ಸೈಡ್ ಲೋವರ್, ಏನೂ ಉಳಿಯದಿದ್ದರೆ ಸೈಡ್ ಅಪ್ಪರ್. ಬೋಗಿಯ ಎರಡು ತುದಿಗಳಲ್ಲಿ ಬಾಗಿಲ ಸದ್ದು, ಶೌಚಾಲಯಕ್ಕೆ ಹೋಗಿಬರುವವರ ಓಡಾಟ ಇರುತ್ತದೆ. ಆದರೂ ಮೊಣಕಾಲು ನೋವಿರುವವರಿಗೆ ಶೌಚಾಲಯ ಹತ್ತಿರವಿರುವುದೇ ಮೇಲು.

ಉತ್ತರ 3: ಗೋಧೂಳಿ

ಹಿಂದಿರುಗುವ ಟಿಕೆಟ್ಟನ್ನು ಯಾರೂ ಪ್ರಸ್ತಾಪಿಸಿಲ್ಲ. ಬರುವಾಗ ಸಂಘಮಿತ್ರ ಹೊರಡುವುದು ದಾನಾಪುರದಿಂದ. ನೀವು ಹತ್ತುವುದು ನಡುವಿನ ನಿಲ್ದಾಣದಲ್ಲಿ. ನಡುವಿನ ನಿಲ್ದಾಣಗಳಿಗೆ ಸಿಗುವ ಬರ್ತ್‌ಗಳು ಸಾಮಾನ್ಯವಾಗಿ ಕಡಿಮೆ. ಅಲ್ಲಿಂದ ಸಿಗದಿದ್ದರೆ ದಾನಾಪುರದಿಂದಲೇ ಟಿಕೆಟ್ ಪಡೆದು, ಹತ್ತುವ ನಿಲ್ದಾಣವನ್ನು ಮಾತ್ರ ದೀನ್ ದಯಾಳ್ ಉಪಾಧ್ಯಾಯ ಎಂದು ನಮೂದಿಸಿ. ಸ್ವಲ್ಪ ಹೆಚ್ಚು ಹಣ ಹೋಗುತ್ತದೆ, ಬರ್ತ್ ಉಳಿಯುತ್ತದೆ.

ಆರ್‌ಎಸಿ ಟಿಕೆಟ್ ಬಂದರೆ ದಯವಿಟ್ಟು ಹೊರಡಬೇಡಿ. ಒಂದು ಸೈಡ್ ಲೋವರ್ ಬರ್ತನ್ನು ಇಬ್ಬರು ಹಂಚಿಕೊಂಡು ಎರಡು ರಾತ್ರಿ ಕೂರುವುದು ಆ ವಯಸ್ಸಿನವರಿಂದ ಆಗದ ಮಾತು. ಒಂದು ವೇಳೆ ಇಬ್ಬರಲ್ಲೊಬ್ಬರಿಗೆ ಮೇಲಿನ ಬರ್ತ್ ಬಂದರೆ, ರೈಲು ಹೊರಟ ಮೇಲೆ ಟಿಟಿಇಯವರನ್ನು ಕೇಳಿ. ಖಾಲಿ ಉಳಿದ ಕೆಳಗಿನ ಬರ್ತನ್ನು ಹಿರಿಯರಿಗೆ ಬದಲಿಸಿಕೊಡುವ ಅಧಿಕಾರ ಅವರಿಗಿದೆ.

ಪ್ರಶ್ನೆ ಕೇಳಿದವರ ಮರುನುಡಿ: ತುಮಕೂರಿನವ

ಇಷ್ಟು ವಿವರವಾಗಿ ತಿಳಿಸಿದ ತಮ್ಮೆಲ್ಲರಿಗೂ ಋಣಿಯಾಗಿದ್ದೇನೆ. ತಂದೆಯವರು ಚುರುಕಾಗಿಯೇ ಇದ್ದಾರೆ, ಆದ್ದರಿಂದ ಎರಡು ಟಿಕೆಟ್ ಮಾಡಿಸಿ ಟೂ ಎಸಿಯಲ್ಲಿಯೇ ಹೋಗುವುದೆಂದು ನಿರ್ಧರಿಸಿದ್ದೇವೆ. ನನ್ನ ಖಾತೆಯ ಆಧಾರ್ ದೃಢೀಕರಣ ಇಂದು ಮುಗಿಯಿತು. ತಂಗಿಯದ್ದು ನಾಳೆ ಮಾಡಿಸುತ್ತೇನೆ. ಜನವರಿ 1ರ ಬೆಳಿಗ್ಗೆ ಅವಳು ತಂದೆ ತಾಯಿಯ ಟಿಕೆಟ್ ಮಾಡುತ್ತಾಳೆ, ನಾನು ಪಕ್ಕದಲ್ಲಿಯೇ ಕುಳಿತು ಬೋಗಿಯ ಸಂಖ್ಯೆ ಬರುವುದನ್ನು ಕಾಯುತ್ತೇನೆ. ಯಾವ ಬರ್ತ್‌ಗಳು ಬಂದವೆಂದು ಅಂದೇ ಇಲ್ಲಿ ಬರೆಯುತ್ತೇನೆ.