ಸಹಾಯ ಬೇಕು: ಗಣಿತ ಬಿಡಲಾ, ಇಟ್ಟುಕೊಳ್ಳಲಾ?

ಎಲ್ಲರಿಗೂ ನಮಸ್ಕಾರ. ಇನ್ನೊಂದು ವಾರದೊಳಗೆ ಶಾಲೆಗೆ ನಾಲ್ಕು ವಿಷಯ ಆರಿಸಿ ಬರೆದುಕೊಡಬೇಕು. ಮುಂದೆ ಏನಾಗಬೇಕು ಅಂತ ನನಗೇ ಗೊತ್ತಿಲ್ಲ.

ಜೀವಶಾಸ್ತ್ರ, ರಸಾಯನಶಾಸ್ತ್ರ, ಇಂಗ್ಲಿಷ್ ಖಂಡಿತ. ನಾಲ್ಕನೆಯದಕ್ಕೆ ಇತಿಹಾಸ ತುಂಬಾ ಇಷ್ಟ. ಆದರೆ ಅದಕ್ಕೆ ಗಣಿತ ಬಿಡಬೇಕು. ಗಣಿತದಲ್ಲಿ ಅಂಕವೇನೋ ಪರವಾಗಿಲ್ಲ, ಕೂತು ಲೆಕ್ಕ ಮಾಡಲು ಮನಸ್ಸೇ ಬರುವುದಿಲ್ಲ. ಬಿಟ್ಟರೆ ಎಂಜಿನಿಯರಿಂಗ್, ಭೌತಶಾಸ್ತ್ರದ ಕಡೆ ಹೋಗುವುದು ಕಷ್ಟ. ಅರ್ಥಶಾಸ್ತ್ರದ ಪದವಿಗೂ ಎಷ್ಟೋ ಕಡೆ ಗಣಿತ ಕೇಳುತ್ತಾರೆ. ಇತಿಹಾಸವನ್ನಾದರೆ ಆಮೇಲೆ ನಾವೇ ಓದಿಕೊಳ್ಳಬಹುದು, ಗಣಿತ ಹಾಗಲ್ಲ ಅಲ್ವಾ? ಹಾಗಂತ ಸುಮ್ನೆ ಭಯಕ್ಕೆ ಇಷ್ಟವಿಲ್ಲದ್ದನ್ನು ಓದಬೇಕಾ?

ಗಣಿತ ಬಿಟ್ಟು ಆಮೇಲೆ ಬೇಕಾಯಿತು ಅನ್ನುವವರು ಯಾರಾದರೂ ಇದ್ದೀರಾ? ಮತ್ತೆ ಹೇಗೆ ಕಲಿತಿರಿ? "ಮನಸ್ಸು ಹೇಳಿದ ಹಾಗೆ ಮಾಡು" ಅನ್ನಬೇಡಿ, ದಯವಿಟ್ಟು. ಅದು ದಿನಕ್ಕೊಂದು ಹೇಳುತ್ತಿದೆ!